ಕೆಂಪು ದೀಪ, ಹಸಿರು ದೀಪ

ಹೋದ ದೀಪಾವಳಿಗೆ ಮನೆ ಗುಡಿಸಿ ಸಾರಿಸುವ ಸಂಭ್ರಮದಲ್ಲಿ ನನ್ನ ಕಿರಿಯ ಮಗಳು ಬೀರುವಿನ ಕೆಳಗಿನ ಅರೆಯನ್ನೂ ಬಿಡದೆ ಜಾಡಿಸಿದಳು. ಧಾರೆ ಸೀರೆಯ ಮಡಿಕೆಯೊಳಗಿಂದ ಅಂಗೈ ಅಗಲದ ಒಂದು ಡಬ್ಬಿ ಜಾರಿ ಕೆಳಗೆ ಬಿತ್ತು. "ಅಮ್ಮಾ, ಇದೇನು, ನಿನ್ನ ಹಳೇ ಪೌಡರ್ ಡಬ್ಬಿನಾ?" ಎಂದು ಕೇಳಿದಳು. ಹೂಂ ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಮೂವತ್ತು ವರ್ಷ ಮೇಷ್ಟರಿಕೆ ಮಾಡಿದವಳಿಗೆ ತಪ್ಪು ಉತ್ತರಕ್ಕೆ ಸರಿ ಗುರುತು ಹಾಕಲು ಕೈ ಬರುವುದಿಲ್ಲ. "ಅಲ್ಲ ಕಣೆ, ಅದೊಂದು ಯಂತ್ರ. ಅದು ಸರಿಯಾಗಿ ನಡೆದಿದ್ದರೆ ನೀನು ಇರುತ್ತಿರಲಿಲ್ಲ" ಎಂದುಬಿಟ್ಟೆ. ಅವಳು ಪೊರಕೆ ಕೆಳಗಿಟ್ಟು ನನ್ನೆದುರು ಕೂತಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವಳು. 1994ರಲ್ಲಿ ಮದುವೆಯಾಗಿ ರಾಮನಗರದ ಪಕ್ಕದ ಹಳ್ಳಿಯ ಒಟ್ಟು ಕುಟುಂಬಕ್ಕೆ ಬಂದೆ. ಮೈದುನ ಹಿಪ್ಪುನೇರಳೆ ತೋಟ ನೋಡಿಕೊಂಡು ರೇಷ್ಮೆ ಹುಳು ಸಾಕುತ್ತಿದ್ದ. ನಮ್ಮ ಯಜಮಾನರು ರೈಲ್ವೆಯಲ್ಲಿ ಟಿಕೆಟ್ ಗುಮಾಸ್ತರು. ಮನೆಯ ಆಡಳಿತವೆಲ್ಲ ಅತ್ತೆಯದು. 1996ರಲ್ಲಿ ದೊಡ್ಡ ಮಗಳು ಹುಟ್ಟಿದಳು. ಅವಳು ಶಾಲೆಗೆ ಹೋಗುವಂತಾಗುವವರೆಗೆ ಇನ್ನೊಂದು ಮಗು ಬೇಡ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ಮಾತಾಡುವುದು ಸುಲಭ. ದಾರಿ ಯಾವುದು?

ಮೊದಲು ಮಾತ್ರೆ ನುಂಗಿದೆ. ಎರಡನೆಯ ತಿಂಗಳಿಗೇ ಅರೆತಲೆನೋವು ಶುರುವಾಯಿತು. ನೋವು ಬರುವ ಮುಂಚೆ ಕಣ್ಣ ಮುಂದೆ ಗರಗಸದ ಹಲ್ಲಿನಂಥ ಬೆಳಕು ಕುಣಿಯುತ್ತಿತ್ತು. ಕರಿಹಲಗೆಯ ಮೇಲೆ ನಾನೇ ಬರೆದ ಅಕ್ಷರ ಅರ್ಧ ಕಾಣುತ್ತಿರಲಿಲ್ಲ. ಡಾಕ್ಟರಮ್ಮ ಅದನ್ನು ಕೇಳಿದ ಕೂಡಲೇ ಮಾತ್ರೆ ನಿಲ್ಲಿಸಿದರು. ಇಂಥ ತಲೆನೋವಿನವರು ಈಸ್ಟ್ರೋಜನ್ ಇರುವ ಮಾತ್ರೆ ನುಂಗಿದರೆ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು ಎಂದರು. ಆಮೇಲೆ ಕಾಪರ್-ಟಿ ಹಾಕಿಸಿಕೊಂಡೆ. ಎಷ್ಟೋ ಜನಕ್ಕೆ ಅದು ಹತ್ತು ವರ್ಷ ತಕರಾರಿಲ್ಲದೆ ನಡೆಯುತ್ತದೆ. ನನಗೆ ಮಾತ್ರ ತಿಂಗಳಿಗೆ ಎಂಟು ಒಂಬತ್ತು ದಿನ ಸ್ರಾವವಾಗಿ, ರಕ್ತ ಕಡಿಮೆಯಾಗಿ, ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳ ಮುಂದೆ ತಲೆಸುತ್ತಿ ಬಿದ್ದೆ. ಏಳನೆಯ ತಿಂಗಳು ತೆಗೆಸಿದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ, ಸ್ಟೀರಾಯ್ಡ್ ಹಾರ್ಮೋನಿಲ್ಲದ 'ಸಹೇಲಿ' ಎಂಬ ವಾರದ ಮಾತ್ರೆ 1991ರಲ್ಲೇ ಪೇಟೆಗೆ ಬಂದಿತ್ತಂತೆ. ಅದರ ಹೆಸರನ್ನೂ ಆಗ ಯಾರೂ ನನಗೆ ಹೇಳಲಿಲ್ಲ. ಇನ್ನು ಉಳಿದದ್ದು ನಿರೋಧ್. ನಮ್ಮೂರಿನ ಔಷಧಿ ಅಂಗಡಿಯ ಗಲ್ಲಾದ ಹಿಂದೆ ಕೂತವನು ನನ್ನ ಹಳೆಯ ವಿದ್ಯಾರ್ಥಿ. ಯಜಮಾನರು ಒಳಗೆ ಹೋಗಿ ಕೆಮ್ಮಿನ ಔಷಧಿ ತೆಗೆದುಕೊಂಡು ಬರುತ್ತಿದ್ದರು. ನಮ್ಮ ಮನೆಯಲ್ಲಿ ಆ ವರ್ಷ ಯಾರಿಗೂ ಕೆಮ್ಮು ಬಂದಿರಲಿಲ್ಲ, ನಾಲ್ಕು ಸೀಸೆ ಔಷಧಿ ಮಾತ್ರ ಇತ್ತು.

ಆಪರೇಷನ್ ಮಾಡಿಸಿಕೊಳ್ಳಲು ನನಗೇ ಮನಸ್ಸಿರಲಿಲ್ಲ. ಅತ್ತೆಗಂತೂ ಗಂಡು ಮಗುವಿನ ಆಸೆ. ಹೀಗಾಗಿ ಎರಡು ವರ್ಷ ನಾನು ಆ ಒಂದು ವಿಷಯದಲ್ಲಿ ಹೆದರಿಕೆಯಿಂದಲೇ ಬದುಕಿದೆ. ರಾತ್ರಿ 'ಬೇಡ' ಎಂದರೆ ಅವರು ಜಗಳವಾಡುತ್ತಿರಲಿಲ್ಲ. ಗೋಡೆ ಕಡೆ ತಿರುಗಿ ಮಲಗುತ್ತಿದ್ದರು, ಮರುದಿನ ಬೆಳಿಗ್ಗೆ ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಗಿರುತ್ತಿತ್ತು. ಆ ಮುನಿಸನ್ನು ತಾಳಲಾರದೆ ಎಷ್ಟೋ ಸಲ 'ಬೇಡ' ಎನ್ನುವುದನ್ನೇ ಬಿಟ್ಟೆ. ಆಮೇಲೆ ತಿಂಗಳ ಕೊನೆಯವರೆಗೂ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು.

1999ರ ಬೇಸಗೆಯಲ್ಲಿ ನನ್ನ ನಾದಿನಿ ಇಂಗ್ಲೆಂಡಿನಿಂದ ಬಂದಳು. ಅಲ್ಲಿ ಆಸ್ಪತ್ರೆಯಲ್ಲಿ ನರ್ಸು. ಹಿತ್ತಲಿನ ಕಲ್ಲಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ನನ್ನ ಕಥೆಯೆಲ್ಲ ಕೇಳಿದಳು. "ಅತ್ತಿಗೆ, ತಿಂಗಳಲ್ಲಿ ಯಾವ ದಿನ ಗರ್ಭ ಕಟ್ಟುತ್ತೆ ಅಂತ ನಿಮಗೆ ಗೊತ್ತಾ?" ಎಂದಳು. ನಾನು ಬಿ.ಎ., ಬಿ.ಎಡ್. ಮಾಡಿದವಳು, ಒಂದು ಮಗುವಿನ ತಾಯಿ. ಪಾಣಿಪತ್ತಿನ ಮೂರು ಯುದ್ಧಗಳ ಇಸವಿ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಇದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ನಮ್ಮ ಶಾಲೆಯಲ್ಲಿ ವಿಜ್ಞಾನದ ಮೇಷ್ಟರು ಆ ಪಾಠವನ್ನು 'ಮನೆಯಲ್ಲಿ ಓದಿಕೊಳ್ಳಿ' ಎಂದು ದಾಟಿಸುತ್ತಿದ್ದರು. ನನಗೆ ಕಲಿಸಿದವರೂ ಹಾಗೆಯೇ ದಾಟಿಸಿದ್ದರು.

ಆವತ್ತು ಅವಳು ಅವರೆಕಾಳನ್ನೇ ಸಾಲಾಗಿ ಇಟ್ಟು ಪಾಠ ಹೇಳಿದಳು. ಅಂಡಾಶಯದಿಂದ ಅಂಡ ಹೊರಬೀಳುವುದು ತಿಂಗಳಿಗೊಮ್ಮೆ. ಅದರ ಆಯುಸ್ಸು ಹೆಚ್ಚೆಂದರೆ ಒಂದು ಹಗಲು ಒಂದು ರಾತ್ರಿ. ವೀರ್ಯಾಣು ಮಾತ್ರ ಹೆಂಗಸಿನ ಮೈಯೊಳಗೆ ಐದು ದಿನದವರೆಗೂ ಬದುಕಿ ಕಾಯಬಲ್ಲದು. ಆದ್ದರಿಂದ ನಿಜವಾಗಿ ಗರ್ಭ ಕಟ್ಟಬಹುದಾದ ದಿನಗಳು ತಿಂಗಳಲ್ಲಿ ಆರೇ ಆರು. ಕಷ್ಟವೆಂದರೆ ಆ ಆರು ಯಾವುವು ಎಂದು ಮುಂಚಿತವಾಗಿ ತಿಳಿಯುವುದು. ಜಪಾನಿನ ಒಗಿನೊ, ಆಸ್ಟ್ರಿಯಾದ ಕ್ನಾಸ್ ಎಂಬ ಇಬ್ಬರು ವೈದ್ಯರು 1920ರ ದಶಕದಲ್ಲಿ ಬೇರೆ ಬೇರೆಯಾಗಿಯೇ ಇದನ್ನು ಶೋಧಿಸಿದರು. ಅಂಡ ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಹಿಂದಿನ ಮುಟ್ಟಿನಿಂದ ಎಣಿಸಿದರೆ ಲೆಕ್ಕ ತಪ್ಪಬಹುದು, ಮುಂದಿನದರಿಂದ ಹಿಂದಕ್ಕೆ ಎಣಿಸಬೇಕು. ಮುಂದಿನದು ಯಾವಾಗ ಬರುತ್ತದೆಂದು ಇವತ್ತೇ ಹೇಳಬಲ್ಲವರು ಯಾರು?

ಅದಕ್ಕೇ ಆ ಯಂತ್ರ. ಹೆಸರು 'ಪರ್ಸೋನಾ'. ಯೂನಿಪಾತ್ ಎಂಬ ಕಂಪನಿ ತಯಾರಿಸಿ 1996ರಲ್ಲಿ ಬ್ರಿಟನ್ನಿನ ಅಂಗಡಿಗಳಿಗೆ ತಂದದ್ದು. ನಾದಿನಿ ತನಗೆಂದು ಕೊಂಡು ಬಳಸದೇ ಇಟ್ಟಿದ್ದುದನ್ನು ನನಗೆ ತಂದುಕೊಟ್ಟಿದ್ದಳು. ಮುಟ್ಟಿನ ಮೊದಲ ದಿನ ಒಂದು ಗುಂಡಿ ಒತ್ತಬೇಕು. ಆಮೇಲೆ ದಿನಾ ಬೆಳಿಗ್ಗೆ ಮುಚ್ಚಳ ತೆರೆದು ದೀಪ ನೋಡಬೇಕು. ಹಸಿರು ಇದ್ದರೆ ಭಯವಿಲ್ಲ, ಕೆಂಪು ಇದ್ದರೆ ಕೂಡದು. ಹಳದಿ ಬಂದರೆ ಪರೀಕ್ಷೆಯ ದಿನ. ಬೆಳಗಿನ ಮೊದಲ ಮೂತ್ರದಲ್ಲಿ ಕಡ್ಡಿಯೊಂದನ್ನು ಅದ್ದಿ ಯಂತ್ರದ ಸೀಳಿಗೆ ಸಿಕ್ಕಿಸಬೇಕು. ಅಂಡ ಬಲಿಯುವಾಗ ಏರುವ ಈಸ್ಟ್ರೋಜನ್ನಿನ ಕುರುಹನ್ನೂ, ಅದು ಹೊರಬೀಳುವುದಕ್ಕೆ ಒಂದು ಒಂದೂವರೆ ದಿನ ಮುಂಚೆ ಥಟ್ಟನೆ ಏರುವ ಲೂಟಿನೈಜಿಂಗ್ ಹಾರ್ಮೋನನ್ನೂ ಅದು ಅಳೆದು ನೆನಪಿಟ್ಟುಕೊಳ್ಳುತ್ತಿತ್ತು. ಮೊದಲ ತಿಂಗಳು ಹದಿನಾರು ಕಡ್ಡಿ ಬೇಕು, ಆಮೇಲೆ ತಿಂಗಳಿಗೆ ಎಂಟು. ಮೈಯೊಳಗೆ ಏನನ್ನೂ ಹಾಕುವುದಿಲ್ಲ. ಮೈ ತಾನಾಗಿ ಹೇಳುವುದನ್ನು ಓದುತ್ತದೆ, ಅಷ್ಟೆ. 23 ದಿನಕ್ಕಿಂತ ಕಡಿಮೆ, 35 ದಿನಕ್ಕಿಂತ ಹೆಚ್ಚಿನ ಚಕ್ರದವರಿಗೂ, ಹಾಲೂಡಿಸುವ ತಾಯಂದಿರಿಗೂ ಅದು ಆಗದು. ಜೊತೆಗಿದ್ದ ಪುಸ್ತಕದಲ್ಲಿ ಶೇಕಡ 94ರಷ್ಟು ನಂಬಬಹುದು ಎಂದು ಬರೆದಿತ್ತು. ನೂರಕ್ಕೆ 94 ತೆಗೆದ ಹುಡುಗ ನಮ್ಮ ಶಾಲೆಯಲ್ಲಾದರೆ ಮೊದಲನೆಯವನು. ಆದರೆ ಇಲ್ಲಿ ಉಳಿದ ಆರು ಅಂಕವೆಂದರೆ, ವರ್ಷವಿಡೀ ಅದನ್ನು ನಂಬಿದ ನೂರು ಹೆಂಗಸರಲ್ಲಿ ಆರು ಜನ ಬಸುರಿಯರು.

ನಮ್ಮ ಮನೆಯಲ್ಲಿ ಬಚ್ಚಲು ಅಂಗಳದ ಆಚೆ. ಬೆಳಗಿನ ಐದೂವರೆಗೆ ಅತ್ತೆ ಎದ್ದು ಹುಳುವಿಗೆ ಸೊಪ್ಪು ಕತ್ತರಿಸುತ್ತಾ ಕೂತಿರುತ್ತಿದ್ದರು. ಯಂತ್ರವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವರ ಮುಂದೆಯೇ ಹಾದುಹೋಗಬೇಕಿತ್ತು. ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು, ಸೆರಗಿನಲ್ಲಿ ಇಂಗ್ಲೆಂಡಿನ ವಿಜ್ಞಾನ. ಅವರು ತಲೆಯೆತ್ತಿ ಒಮ್ಮೆ ನೋಡಿ ಮತ್ತೆ ಸೊಪ್ಪು ಕತ್ತರಿಸುತ್ತಿದ್ದರು.

ಯಜಮಾನರಿಗೆ ಯಂತ್ರ ಬಹಳ ಹಿಡಿಸಿತು. "ಇದು ನಮ್ಮ ಇಲಾಖೆಯದೇ ದೀಪ" ಎಂದು ನಕ್ಕರು. ಕೆಂಪು, ಹಳದಿ, ಹಸಿರು. ಸಿಗ್ನಲ್ ಬಿದ್ದ ಮೇಲೆ ಗಾಡಿ ತಕರಾರು ಮಾಡುವುದಿಲ್ಲ. ನಾನು 'ಇವತ್ತು ಕೆಂಪು' ಎಂದರೆ ಸಾಕು, ಗೋಡೆಯ ಕಡೆ ತಿರುಗುವುದಿಲ್ಲ, ಮುನಿಸಿಲ್ಲ, ಉಪ್ಪಿಟ್ಟಿನ ದೂರಿಲ್ಲ. ಮಗಳನ್ನು ಮಧ್ಯೆ ಮಲಗಿಸಿಕೊಂಡು ಅವಳಿಗೆ ಕಥೆ ಹೇಳುತ್ತಿದ್ದರು. ಮೊದಮೊದಲು ನನಗೆ ಸ್ವರ್ಗ ಸಿಕ್ಕಂತಾಯಿತು. ತಲೆನೋವಿಲ್ಲ, ಸ್ರಾವವಿಲ್ಲ, ತಿಂಗಳ ಕೊನೆಯ ಎದೆಬಡಿತವಿಲ್ಲ. ಆದರೆ ಕೆಲವು ತಿಂಗಳು ಕಳೆದ ಮೇಲೆ ಒಂದು ಮುಳ್ಳು ಚುಚ್ಚತೊಡಗಿತು. ಐದು ವರ್ಷ ಸಂಸಾರ ಮಾಡಿದ ನನ್ನ ಬಾಯಿಯ ಮಾತಿಗೆ ಸಿಗದ ಮರ್ಯಾದೆ ಆ ಡಬ್ಬಿಯ ಕೆಂಪು ದೀಪಕ್ಕೆ ಸಿಕ್ಕಿತ್ತು.

ಮುಳ್ಳು ಚುಚ್ಚಿದರೂ ಅದರ ಲಾಭ ಪಡೆಯದಿರುವಷ್ಟು ದೊಡ್ಡವಳು ನಾನಲ್ಲ. 2000ದ ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ದಿನವೂ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಸಂಜೆ ಬಂದರೆ ಕೈಬೆರಳು ಮಡಿಸಲಾಗುತ್ತಿರಲಿಲ್ಲ. ಹಸಿರು ದೀಪವಿದ್ದರೂ 'ಕೆಂಪು' ಎಂದೆ. ಒಂದು ದಿನ, ಎರಡು ದಿನ, ಹನ್ನೆರಡು ದಿನ. ಹದಿಮೂರನೆಯ ದಿನ ಬೆಳಿಗ್ಗೆ ನಾನು ಬಚ್ಚಲಿನಿಂದ ಬರುವಷ್ಟರಲ್ಲಿ ಅವರು ಬೀರು ತೆಗೆದು ಯಂತ್ರದ ಮುಚ್ಚಳ ಎತ್ತಿ ನಿಂತಿದ್ದರು. ಅವರ ಗಲ್ಲದ ಮೇಲೆ ಹಸಿರು ಬೆಳಕು ಬಿದ್ದಿತ್ತು.

ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವರು ಮೆಲ್ಲಗೆ, "ಆಯಾಸವಾಗಿದೆ ಅಂತ ಹೇಳಬಹುದಿತ್ತಲ್ಲ" ಎಂದರು.

"ಹೇಳಿದರೆ ಕೇಳುತ್ತಿದ್ದಿರಾ?" ಎಂದೆ.

ಅವರು ಉತ್ತರ ಕೊಡಲಿಲ್ಲ. ಏಳೂವರೆಯ ಗಾಡಿಗೆ ಹೊರಟುಹೋದರು. ಆ ದಿನ ಮೌಲ್ಯಮಾಪನದಲ್ಲಿ ನಾನು ಎರಡು ಪತ್ರಿಕೆಗಳ ಮೊತ್ತ ತಪ್ಪಾಗಿ ಹಾಕಿ, ಮುಖ್ಯ ಮೌಲ್ಯಮಾಪಕರಿಂದ ಮಾತು ಕೇಳಿದೆ. ರಾತ್ರಿ ಅವರು ಊಟ ಮುಗಿಸಿ, ಮಗಳು ಮಲಗಿದ ಮೇಲೆ, "ಕೇಳುತ್ತಿರಲಿಲ್ಲ, ನಿಜ. ಇನ್ನು ಮೇಲೆ ಡಬ್ಬಿಯ ಹೆಸರು ಹೇಳಬೇಡ. ನಿನ್ನ ಹೆಸರಲ್ಲೇ ಹೇಳು" ಎಂದರು. ಮದುವೆಯಾಗಿ ಆರು ವರ್ಷಕ್ಕೆ ನಾವಿಬ್ಬರೂ ಆ ವಿಷಯ ಬಾಯಿಬಿಟ್ಟು ಆಡಿದ್ದು ಅದೇ ಮೊದಲು.

ಮರುವರ್ಷದ ಹೊತ್ತಿಗೆ ಕಡ್ಡಿಗಳು ಮುಗಿಯುತ್ತಾ ಬಂದವು. ನಮ್ಮೂರಲ್ಲಿ ಅವು ಸಿಗುವ ವಸ್ತುವಲ್ಲ. ನಾದಿನಿಗೆ ಕಾಗದ ಬರೆದು ಕಾದೆವು. ಪಾರ್ಸೆಲ್ ಬರಲಿಲ್ಲ. ಕಡ್ಡಿಯಿಲ್ಲದ ಯಂತ್ರ ಚಿಮಣಿ ಒಡೆದ ಲಾಂದ್ರದಂತೆ, ದೀಪವಿದೆ, ನಂಬುವಂತಿಲ್ಲ. ಹಾಜರಿ ಪುಸ್ತಕದಂಥ ಒಂದು ವಹಿಯಲ್ಲಿ ನಾನು ಎರಡು ವರ್ಷದ ತಾರೀಖುಗಳನ್ನೆಲ್ಲ ಬರೆದಿಟ್ಟಿದ್ದೆ. ಅದನ್ನು ನೋಡಿ ನಾವೇ ಕೆಂಪು ದಿನ ಹಸಿರು ದಿನ ಗುರುತು ಹಾಕಿಕೊಂಡೆವು. ಎರಡು ತಿಂಗಳು ಸರಿಹೋಯಿತು. 2001ರ ಏಪ್ರಿಲ್‌ನಲ್ಲಿ ಮತ್ತೆ ಮೌಲ್ಯಮಾಪನ, ಅದರ ಜೊತೆಗೆ ನಾಲ್ಕು ದಿನ ವಿಪರೀತ ಜ್ವರ. ದಣಿವಿಗೆ, ಕಾಯಿಲೆಗೆ ಅಂಡ ಹೊರಬೀಳುವುದು ಹಿಂದಕ್ಕೆ ಹೋಗಬಹುದು. ಕ್ಯಾಲೆಂಡರಿನ ಲೆಕ್ಕದ ದೊಡ್ಡ ದೋಷವೇ ಇದು. ಹಿಂದಿನ ತಿಂಗಳುಗಳಂತೆಯೇ ಈ ತಿಂಗಳೂ ಇರುತ್ತದೆ ಎಂದು ಅದು ನಂಬುತ್ತದೆ. ನಾವು ಹಸಿರೆಂದುಕೊಂಡ ದಿನ ನನ್ನ ಮೈಯಲ್ಲಿ ಕೆಂಪಾಗಿತ್ತು.

ಅದನ್ನು ನನಗಿಂತ ಮೊದಲು ತಿಳಿದವರು ಅತ್ತೆ. ರೇಷ್ಮೆ ಸಾಕುವ ಮನೆಗಳಲ್ಲಿ ಮುಟ್ಟಾದವರು ಹುಳದ ಮನೆಗೆ ಕಾಲಿಡಬಾರದೆಂಬ ಕಟ್ಟು. ಆದ್ದರಿಂದ ಮನೆಯ ಹೆಂಗಸರೆಲ್ಲರ ತಾರೀಖೂ ಅವರ ನಾಲಗೆಯ ತುದಿಯಲ್ಲಿರುತ್ತಿತ್ತು. ಹುಳು ಒಂದನೇ ಜ್ವರ, ಎರಡನೇ ಜ್ವರ ಎಂದು ನಾಲ್ಕು ಜ್ವರ ಎದ್ದು ಹಣ್ಣಾಗುವ ದಿನವನ್ನು ಲೆಕ್ಕವಿಟ್ಟವರಿಗೆ ಸೊಸೆಯ ದಿನ ಯಾವ ಲೆಕ್ಕ? ಒಂದು ಬೆಳಿಗ್ಗೆ ಸೊಪ್ಪಿನ ಬುಟ್ಟಿ ನನ್ನ ಕೈಗೆ ಕೊಡುತ್ತಾ, "ಈ ಸಾರಿ ಹುಳದ ಮನೆ ನೀನು ಬಿಡಲೇ ಇಲ್ವಲ್ಲವ್ವ. ಆ ಡಬ್ಬಿ ಏನಾಯ್ತು?" ಎಂದರು.

ನನ್ನ ಕೈಯಿಂದ ಬುಟ್ಟಿ ಜಾರಿತು. ಎರಡು ವರ್ಷ ಸೆರಗಿನಡಿಯಲ್ಲಿ ಕದ್ದು ಒಯ್ದದ್ದು ಅವರಿಗೆ ಮೊದಲ ವಾರವೇ ಗೊತ್ತಾಗಿತ್ತಂತೆ. ಬೈಯುತ್ತಾರೆಂದು ತಲೆತಗ್ಗಿಸಿ ನಿಂತೆ. ಅವರು ಜಗಲಿಯ ಮೇಲೆ ಕೂತು, "ನಮ್ಮತ್ತಿಗೆಗೂ ಕೊಟ್ಟಿದ್ರು, ಕೆಂಪು ಹಸುರು. ದೀಪ ಅಲ್ಲ, ಮಣಿ" ಎಂದು ಶುರು ಮಾಡಿದರು.

ಅವರ ತವರು ರಾಮನಗರದ ಪೇಟೆ. ಅವರಿಗೆ ಹದಿನಾಲ್ಕೋ ಹದಿನೈದೋ ವಯಸ್ಸಿದ್ದಾಗ ಮನೆಮನೆಗೆ ಬಂದು ಹೆಂಗಸರನ್ನು ಮಾತಾಡಿಸಿ ಮಣಿಸರ ಕೊಡುತ್ತಿದ್ದರಂತೆ. ದಿನಕ್ಕೊಂದು ಮಣಿ ಜರುಗಿಸಬೇಕು. ಹಸಿರು ಮಣಿಯ ದಿನ ಭಯವಿಲ್ಲ, ಕೆಂಪು ಮಣಿಯ ದಿನ ದೂರವಿರಬೇಕು. ಅತ್ತಿಗೆ ಅದನ್ನು ತಾಳಿಯ ಜೊತೆ ಹಾಕಿಕೊಳ್ಳಲು ನಾಚಿ ಅಕ್ಕಿಯ ಗುಡಾಣದಲ್ಲಿ ಇಟ್ಟಳು. ಒಂದು ದಿನ ಮರೆತು ಮರುದಿನ ಎರಡು ಜರುಗಿಸಿದಳು. ಆಮೇಲೊಮ್ಮೆ ಮಗು ಅದನ್ನು ಸಿಕ್ಕಿಸಿಕೊಂಡು ಬೀದಿಯೆಲ್ಲ ಸುತ್ತಿ ಬಂತು. "ಆಮೇಲೆ ಇನ್ನೂ ನಾಲ್ಕು ಹೆತ್ತಳು. ಕೊನೇದ್ರಲ್ಲಿ ಹೋದಳು" ಎಂದರು ಅತ್ತೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಣಿಗೆ ಬಾಯಿಲ್ಲ ಕಣವ್ವ. ಕೆಂಪು ಅಂತ ಅವಳು ಹೇಳಿದ್ರೆ ನಮ್ಮಣ್ಣ ಕೇಳೋನಲ್ಲ" ಎಂದರು.

ಅತ್ತೆಯದು ಅಜ್ಜಿಕತೆ ಇರಬೇಕೆಂದುಕೊಂಡಿದ್ದೆ. ಆಮೇಲೆ ಓದಿದಾಗ ನಿಜವೆಂದು ತಿಳಿಯಿತು. ಮೈಸೂರು ಸಂಸ್ಥಾನವು 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆಜ್ಞೆ ಮಾಡಿತ್ತು. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರದ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಅನುಯಾಯಿ; ಔಷಧಿ, ಸಲಕರಣೆಗಳಿಗಿಂತ ದಿನ ಎಣಿಸುವ ಸಂಯಮದ ದಾರಿಯೇ ಅವರಿಗೆ ಒಪ್ಪಿಗೆ. ಸರ್ಕಾರದ ಕೋರಿಕೆಯ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯು ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರನ್ನು ಕಳಿಸಿತು. 1952ರ ಹೊತ್ತಿಗೆ ಪ್ರಯೋಗ ನಡೆದದ್ದು ಎರಡು ಕಡೆ, ದೆಹಲಿಯ ಲೋದಿ ಕಾಲೋನಿಯಲ್ಲಿ ಮತ್ತು ನಮ್ಮ ರಾಮನಗರದಲ್ಲಿ. ಮಣಿಸರ ಅವರದೇ ಉಪಾಯ. ಪ್ರಯೋಗ ಫಲಿಸಲಿಲ್ಲ, ಸರ್ಕಾರ ಬೇರೆ ದಾರಿಗಳನ್ನು ಹಿಡಿಯಿತು. ಅರ್ಧ ಶತಮಾನ ಕಳೆದ ಮೇಲೆ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು 32 ಮಣಿಗಳ ಇನ್ನೊಂದು ಸರ ಮಾಡಿದರು. 26ರಿಂದ 32 ದಿನದ ಚಕ್ರ ಇರುವವರು 8ನೆಯ ದಿನದಿಂದ 19ನೆಯ ದಿನದವರೆಗೆ, ಬಿಳಿ ಮಣಿಯ ದಿನಗಳಲ್ಲಿ, ದೂರವಿರಬೇಕು. ಉತ್ತರ ಭಾರತದಲ್ಲಿ ಅದನ್ನು 'ಮಾಲಾ ಚಕ್ರ' ಎಂದು ಕರೆದರು. 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿಯಮ ತಪ್ಪದೆ ಪಾಲಿಸಿದ ನೂರು ಹೆಂಗಸರಲ್ಲಿ ವರ್ಷಕ್ಕೆ ಐವರು ಬಸುರಿಯರಾದರೆ, ಎಲ್ಲರನ್ನೂ ಸೇರಿಸಿ ಎಣಿಸಿದಾಗ ಹನ್ನೆರಡು ಜನ. ಐದಕ್ಕೂ ಹನ್ನೆರಡಕ್ಕೂ ನಡುವಿನ ಆ ಏಳು ಮನೆಗಳಲ್ಲಿ ಏನಾಯಿತೆಂದು ಅಂಕಿ ಹೇಳುವುದಿಲ್ಲ. ಕೆಲವರು ಲೆಕ್ಕ ಮರೆತಿರಬಹುದು. ಕೆಲವು ಮನೆಗಳಲ್ಲಿ ಹೆಂಗಸು ಹೇಳಿಯೂ ಗಂಡಸು ಕೇಳಿರಲಿಕ್ಕಿಲ್ಲ.

2002ರ ಜನವರಿಯಲ್ಲಿ ಕಿರಿಯ ಮಗಳು ಹುಟ್ಟಿದಳು. ಗಂಡಲ್ಲವೆಂದು ಅತ್ತೆ ಒಂದು ಮಾತೂ ಆಡಲಿಲ್ಲ. ತಾವೇ ಎಣ್ಣೆ ಹಚ್ಚಿ ನೀರು ಹಾಕಿದರು. ಮೂರು ತಿಂಗಳು ಕಳೆದ ಮೇಲೆ ಯಜಮಾನರು ಒಂದು ಸಂಜೆ, "ನಿನ್ನ ಮೈಮೇಲೆ ಇನ್ನು ಪ್ರಯೋಗ ಬೇಡ. ನಾನೇ ಮಾಡಿಸಿಕೊಳ್ಳುತ್ತೇನೆ" ಎಂದರು. ಚಾಕು ಹಾಕದೆ, ಹೊಲಿಗೆಯಿಲ್ಲದೆ ಗಂಡಸರಿಗೆ ಮಾಡುವ ಆಪರೇಷನ್ ಆಗ ಸರ್ಕಾರಿ ಆಸ್ಪತ್ರೆಗಳಿಗೆ ಬಂದಿತ್ತು. ಅರ್ಧ ಗಂಟೆಯ ಕೆಲಸ, ಎರಡು ದಿನದ ರಜೆ. ಮಾಡಿಸಿಕೊಂಡ ಕೂಡಲೇ ನಿಶ್ಚಿಂತೆಯಲ್ಲ, ಮೂರು ತಿಂಗಳು ಕಾದು ಪರೀಕ್ಷೆ ಮಾಡಿಸಬೇಕು ಎಂದಿದ್ದರು. ಅದನ್ನೂ ತಪ್ಪದೆ ಮಾಡಿಸಿದರು. ಊರಿನಲ್ಲಿ ನಕ್ಕವರಿದ್ದರು. ಅತ್ತೆ ಅವರಿಗೆ ಕೋಳಿಸಾರು ಮಾಡಿ ಬಡಿಸಿದರು.

ಇಷ್ಟೆಲ್ಲ ಕೇಳಿದ ಮಗಳು, "ಹಾಗಾದ್ರೆ ನಾನು ಲೆಕ್ಕ ತಪ್ಪಿ ಹುಟ್ಟಿದೋಳು" ಎಂದಳು. ಹೌದೆಂದೆ. "ಅದಕ್ಕೇ ನಂಗೆ ಗಣಿತ ಬರಲ್ಲ" ಎಂದು ನಕ್ಕಳು. ಅವಳ ಕಣ್ಣಂಚು ಒದ್ದೆಯಾಗಿತ್ತು, ನನ್ನದೂ. ಆಮೇಲೆ ತನ್ನ ಫೋನು ತೆಗೆದು ತೋರಿಸಿದಳು. ಅದರಲ್ಲೂ ತಾರೀಖು ಬರೆದಿಡುವ ಆ್ಯಪ್ ಇದೆ, ಬಣ್ಣ ಬಣ್ಣದ ದಿನಗಳಿವೆ. ಬೆಳಗಿನ ಮೈಶಾಖವನ್ನು ಲೆಕ್ಕ ಹಾಕಿ ಕೆಂಪು ಹಸಿರು ದಿನ ತೋರಿಸುವ ಒಂದು ಆ್ಯಪ್‌ಗೆ 2018ರಲ್ಲಿ ಅಮೆರಿಕದ ಸರ್ಕಾರ ಗರ್ಭನಿರೋಧದ ಸಾಧನವೆಂದು ಒಪ್ಪಿಗೆ ಕೊಟ್ಟಿದೆ. ಆದರೆ ಫೋನಿನಲ್ಲಿ ಸಿಗುವವುಗಳಲ್ಲಿ ಎಷ್ಟೋ ಬರೀ ಕ್ಯಾಲೆಂಡರಿನ ಅಂದಾಜು, ನನ್ನ ಹಾಜರಿ ಪುಸ್ತಕದ ಹಾಗೆ. ಅವನ್ನು ನಂಬಿ ಕೂರಬೇಡ ಎಂದು ಮಗಳಿಗೆ ಹೇಳಿದೆ. ಡಾಕ್ಟರನ್ನು ಕೇಳು ಎಂದೂ ಹೇಳಿದೆ.

ಅವಳಿಗೆ ಮುಂದಿನ ವೈಶಾಖದಲ್ಲಿ ಮದುವೆ. ಹುಡುಗ ಒಳ್ಳೆಯವನು, ಬೆಂಗಳೂರಿನಲ್ಲಿ ಕೆಲಸ. "ಆ ಫೋನನ್ನು ಅವನಿಗೂ ತೋರಿಸು, ಮದುವೆಗೆ ಮುಂಚೆಯೇ" ಎಂದೆ. "ತೋರಿಸಿದೀನಮ್ಮ" ಎಂದಳು, ಅದರಲ್ಲೇನು ದೊಡ್ಡ ವಿಷಯ ಎಂಬಂತೆ. ನನಗೆ ಆರು ವರ್ಷ ಹಿಡಿದ ಮಾತು ಅದು.

ಡಬ್ಬಿಯನ್ನು ಒರೆಸಿ ಮತ್ತೆ ಸೀರೆಯೊಳಗೇ ಇಟ್ಟಿದ್ದೇನೆ. ಆ ಬಗೆಯ ಯಂತ್ರದ ಮಾರಾಟವೂ ಈಗ ನಿಂತುಹೋಗಿದೆಯಂತೆ. ಇರಲಿ, ಹಳೆಯ ಸಿಗ್ನಲ್ ಕಂಬದ ಹಾಗೆ.